ಕಳೆ ಮೇಷ್ಟ್ರ ಹೆಬ್ಬೆರಳು

1

ಎಲ್ಲಿಂದ ಶುರು ಮಾಡಲಿ ಹೇಳಿ? ಆಸ್ಪತ್ರೆಯಿಂದ ಶುರು ಮಾಡಿದರೆ ನೀವು ಅಳುವುದಕ್ಕೆ ತಯಾರಾಗಿ ಕೂರುತ್ತೀರಿ. ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಇರಲಿ, ಆಕಳಿಸಿ.

ಆ ವಿಭಾಗದಲ್ಲಿ ಒಬ್ಬರು ಮೇಷ್ಟ್ರು. ಮೂವತ್ತು ವರ್ಷ ಭತ್ತದ ಗದ್ದೆಯ ಕಳೆಯೊಂದನ್ನೇ ಹಿಡಿದು ಕೂತವರು. ಹುಡುಗರ ಬಾಯಲ್ಲಿ ‘ಕಳೆ ಮೇಷ್ಟ್ರು’. ವಿಕಾಸವಾದವನ್ನು ಅವರು ಪುಸ್ತಕ ತೆರೆಯದೆ ಪಾಠ ಮಾಡುತ್ತಿದ್ದರು. ಮೇಜಿನ ಮೇಲೆ ಎರಡು ಕುಂಡ. ಒಂದೇ ಜಾತಿಯ ಕಳೆ, ಒಂದೇ ಮಣ್ಣು, ಒಂದೇ ನೀರು. ಚರಂಡಿ ಬದಿಯ ಬೀಜದಿಂದ ಬಂದದ್ದು ಕೆಂಪು ಬುಡ ತೋರಿಸಿಕೊಂಡು ಅಡ್ಡಾದಿಡ್ಡಿ ಹರಡಿತ್ತು. ಗದ್ದೆಯ ಬೀಜದಿಂದ ಬಂದದ್ದು ಹಸಿರಾಗಿ, ನೆಟ್ಟಗೆ, ಥೇಟ್ ಭತ್ತ.

“ಭತ್ತದ ಹಾಗೆ ಕಾಣೋದನ್ನ ಇದಕ್ಕೆ ಯಾರು ಕಲಿಸಿದ್ದು ಸಾರ್?” ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು.

“ಯಾರೂ ಕಲಿಸಿಲ್ಲ. ಗಿಡ ಕಲಿಯೋದೂ ಇಲ್ಲ. ಕಳೆ ಕೀಳೋರ ಕಣ್ಣಿಗೆ ಬಿದ್ದದ್ದು ಬೀಜ ಬಿಡೋ ಮೊದಲೇ ಹೋಯ್ತು. ಬೀಳದ್ದು ಉಳೀತು, ಬೀಜ ಬಿಡ್ತು. ಸಾವಿರ ವರ್ಷ ಹೀಗೇ.”

ಭತ್ತವೋ ಕಳೆಯೋ ಎಂದು ತಿಳಿಯಬೇಕಾದರೆ ಎಲೆ ಕಾಂಡವನ್ನು ಸೇರುವ ಜಾಗಕ್ಕೆ ಹೆಬ್ಬೆರಳು ಇಡಬೇಕು. ಭತ್ತವಾದರೆ ಅಲ್ಲೊಂದು ತೆಳ್ಳನೆ ಪೊರೆ ಸಿಗುತ್ತದೆ. ಮೇಷ್ಟ್ರ ಹೆಬ್ಬೆರಳು ಒಮ್ಮೆಯೂ ತಪ್ಪಿದ್ದಿಲ್ಲ.

2

(ಇಲ್ಲಿ ಮೇಷ್ಟ್ರ ಹೆಂಡತಿ ಬರಬೇಕಿತ್ತು. ಹಿಂದೆಯೇ ತೀರಿಕೊಂಡರು ಅಂದುಕೊಳ್ಳಿ. ಹೆಂಡತಿಯರನ್ನು ಸಾಯಿಸುವುದು ಕತೆಗಾರರಿಗೆ ನೀರು ಕುಡಿದಷ್ಟು ಸುಲಭ.)

3

ಮಗಳು ಚಿಕ್ಕವಳಿದ್ದಾಗ ಎಲ್ಲವನ್ನೂ ಹೇಳುತ್ತಿದ್ದಳು: ಕಾಲು ನೋವು, ಹೊಟ್ಟೆ ನೋವು, ಸ್ಕೂಲಿನ ಜಗಳ. “ಸಣ್ಣದಕ್ಕೆಲ್ಲ ಗೋಳಾಡಬಾರದು ಪುಟ್ಟಿ,” ಅನ್ನುತ್ತಿದ್ದರು ಮೇಷ್ಟ್ರು, ಉತ್ತರಪತ್ರಿಕೆಯಿಂದ ತಲೆ ಎತ್ತದೆ. ಈಗ ಅವಳಿಗೆ ಮೂವತ್ತೆರಡು. ಎಂಟು ತಿಂಗಳು ಹೊಟ್ಟೆ ನೋವು ನುಂಗಿಕೊಂಡು, ಪ್ರತಿ ಭಾನುವಾರ ಫೋನಿನಲ್ಲಿ “ಚೆನ್ನಾಗಿದ್ದೀನಪ್ಪ” ಎಂದವಳು ವಾರ್ಡಿನಲ್ಲಿ ಮಲಗಿದ್ದಾಳೆ. “ನಾಲ್ಕು ತಿಂಗಳು ಮುಂಚೆ ಬಂದಿದ್ರೆ...” ಎಂದರು ಡಾಕ್ಟರು.

‘ಕಳೆಯ ಹಾಗೆ ಮಗಳೂ ಬಚ್ಚಿಡುವುದನ್ನು ಕಲಿತಳು’ ಎಂದು ನಾನು ಬರೆದೆ. ಮೇಷ್ಟ್ರು ಕತೆಯೊಳಗಿಂದಲೇ ಗದರಿದರು.

“ಕಲಿಯೋದಲ್ಲ ಅಂತ ಎಷ್ಟು ಸಲ ಹೇಳ್ಲಿ? ಅವಳು ಹೇಳಿದ ನೋವನ್ನೆಲ್ಲ ನಾನು ಕಿತ್ತು ಹಾಕ್ದೆ. ಉಳಿದದ್ದು ನಗು ಥರ ಕಾಣೋ ನೋವು ಮಾತ್ರ. ಅದೇ ಬೀಜ ಬಿಡ್ತು. ಸರಿಯಾಗಿ ಬರ್ಕೊಳ್ಳಿ.”

ಬರೆದುಕೊಂಡೆ.

7

(ನಾಲ್ಕರಿಂದ ಆರರವರೆಗೆ ಹರಿದು ಹಾಕಿದ್ದೇನೆ. ಒಂದರಲ್ಲಿ ರಿಪೋರ್ಟೇ ತಪ್ಪಾಗಿತ್ತು. ಇನ್ನೊಂದರಲ್ಲಿ ಹೊಸ ಔಷಧಿ ಬಂತು. ಮತ್ತೊಂದರಲ್ಲಿ ಮೇಷ್ಟ್ರು ಕುಂಡ ಒಡೆದು ಹಾಕಿ ಅತ್ತರು. ಮೂರೂ ಬೇಡ ಎಂದದ್ದು ಅವರೇ. “ಪಾಪ, ಕುಂಡ ಏನ್ರೀ ಮಾಡಿತ್ತು?” ಎಂದರು.)

ಅವರು ಕೇಳಿದ್ದು ಮಂಚದ ಪಕ್ಕಕ್ಕೆ ಒಂದು ಸ್ಟೂಲು ಮಾತ್ರ. ಹಾಕಿಕೊಟ್ಟೆ.

“ನೋವಿದೆಯಾ ಪುಟ್ಟಿ?”

“ಇಲ್ಲಪ್ಪ, ಚೆನ್ನಾಗಿದ್ದೀನಿ,” ಎಂದು ಮಗಳು ನಕ್ಕಳು.

ಮೇಷ್ಟ್ರು ಅವಳ ಕೈ ಹಿಡಿದುಕೊಂಡರು. ಅಂಗೈ ಮಣಿಕಟ್ಟನ್ನು ಸೇರುವ ಜಾಗಕ್ಕೆ ಹೆಬ್ಬೆರಳು ಇಟ್ಟು ಮೆಲ್ಲಗೆ ತಡವಿದರು. ಮತ್ತೆ ತಡವಿದರು.

“ನಂಗೆ ಗೊತ್ತಾಗ್ತಿಲ್ಲ ಪುಟ್ಟಿ. ನೀನೇ ಹೇಳು. ಬೈಯಲ್ಲ.”

ಅವಳ ನಗು ಸ್ವಲ್ಪ ಅಲುಗಿತು. ನಾನು ಪೆನ್ನು ಕೆಳಗಿಟ್ಟೆ. ಅವಳು ಹೇಳಿದಳೋ ಇಲ್ಲವೋ ಎಂದು ಬರೆಯುವ ಹಕ್ಕು ನನಗಿಲ್ಲ, ಕೇಳುವ ಹಕ್ಕು ನಿಮಗೂ ಇಲ್ಲ. ಬೇಕಾದರೆ ಎದ್ದು ಹೋಗಿ. ಮೇಷ್ಟ್ರು ತಲೆ ಎತ್ತಿ ಅವಳ ಮುಖವನ್ನೇ ನೋಡುತ್ತ ಕೂತಿದ್ದಾರೆ.