ಮುದ್ದಕ್ಕನ ಸಿಎಫ್‌ಎಲ್ ಬಲ್ಬು

ಅಣ್ಣತಮ್ಮಂದಿರು ಬೇರೆಯಾಗಿ ಬಬ್ಬೂರಿನ ಆ ಮನೆಯ ನಡುವೆ ಗೋಡೆ ಎದ್ದಾಗ ಅತ್ತೆ ಜುಂಜಮ್ಮ ಹಿರಿಸೊಸೆ ಮುದ್ದಕ್ಕನ ಪಾಲಿಗೇ ಉಳಿದಿದ್ದಳು. ಆದರೆ ಕಿರಿಸೊಸೆ ರೋಜಾ ತನ್ನ ಪಡಸಾಲೆಗೆ ಟ್ಯೂಬ್‌ಲೈಟ್ ಹಾಕಿಸಿದ ಮೇಲೆ, ಸಂಜೆಯಾದರೆ ಸಾಕು, ಮುದುಕಿ ಅಕ್ಕಿಯ ಮೊರ ಹಿಡಿದು ಅತ್ತ ಹೊರಡುತ್ತಿದ್ದಳು.

"ಅಲ್ಲಿ ಕಲ್ಲು ಚೆನ್ನಾಗಿ ಕಾಣ್ತವೆ ಕಣಮ್ಮ," ಅನ್ನುತ್ತಿದ್ದಳು.

ಗೋಡೆಯಾಚೆ ಅತ್ತೆ ಸೊಸೆ ನಗುವುದು ಕೇಳಿಸಿದರೆ ಮುದ್ದಕ್ಕನಿಗೆ ಅನ್ನ ಇಳಿಯುತ್ತಿರಲಿಲ್ಲ. ಹತ್ತು ವರ್ಷ ಅತ್ತೆಯ ಕಾಲು ಒತ್ತಿದವಳು ತಾನು. ನಿನ್ನೆ ಮೊನ್ನೆ ಬಂದ ರೋಜಾ, ಹಿರಿಯೂರಿನ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಒಂದು ದೀಪ ತೋರಿಸಿ ಅತ್ತೆಯನ್ನು ಕರೆದುಕೊಂಡುಬಿಟ್ಟಳಲ್ಲ!

ಗಂಡ ಬೋರಪ್ಪನ ಹಿಂದೆ ಬಿದ್ದು ಮುದ್ದಕ್ಕ ದೊಡ್ಡದೊಂದು ಸಿಎಫ್‌ಎಲ್ ಬಲ್ಬು ತರಿಸಿದಳು. ಅವನು ಹೊಲದಿಂದ ಬರುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಸ್ಟೂಲು ಹತ್ತಿ, ಬುಡ ಹಿಡಿಯುವ ಬದಲು ಸುರುಳಿ ಗಾಜನ್ನೇ ಹಿಡಿದು ತಿರುಗಿಸಿದಳು. ಟಪ್ಪೆಂದು ಗಾಜು ಒಡೆದು ನೆಲದ ತುಂಬ ಚೆಲ್ಲಿತು. ಮೂಲೆಯಲ್ಲಿ ಆಡುತ್ತಿದ್ದ ಮಗಳು ಪ್ರೀತಿ ಚೀರಿದಳು.

ರೋಜಾಗೆ ಗೊತ್ತಾಗುವ ಮೊದಲೇ ಗುಡಿಸಿಬಿಡಬೇಕೆಂದು ಮುದ್ದಕ್ಕ ಕಸಬರಿಗೆ ಎತ್ತಿದಳು. ಅಷ್ಟರಲ್ಲಿ ರೋಜಾ, ಹಿಂದೆಯೇ ಜುಂಜಮ್ಮ, ಬಾಗಿಲಲ್ಲಿ ನಿಂತಿದ್ದರು.

"ಅಕ್ಕ, ಗುಡಿಸಬ್ಯಾಡ್ರಿ! ಅದ್ರಾಗೂ ಟ್ಯೂಬ್‌ಲೈಟಿನಂಗೆ ಪಾದರಸ ಇರ್ತೈತೆ, ವಿಷ ಅದು. ಗುಡಿಸಿದ್ರೆ ಮನೆಯೆಲ್ಲ ಹರಡ್ತೈತೆ. ಫ್ಯಾನ್ ಆರಿಸಿ ಕಿಟಕಿ ತೆಗೀರಿ, ಮಗೂನ ಎತ್ಕಂಡು ಹೊರಗೆ ಬರ್ರಿ."

"ನನ್ನ ಮನ್ಯಾಗೂ ಬೆಳಕಾಗ್ತೈತೆ ಅಂತ ನಿನಗೆ ಸಂಕಟ, ಅಲ್ವೇನೇ?"

ಮಾತು ಬಾಯಿಂದ ಜಾರಿದ ಮೇಲೆ ಮುದ್ದಕ್ಕನಿಗೇ ನಾಚಿಕೆಯಾಯಿತು. ಜುಂಜಮ್ಮ ಮೊಮ್ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಹೋದಳು.

ಕಾಲು ಗಂಟೆ ಗಾಳಿ ಆಡಿದ ಮೇಲೆ ರೋಜಾ ಒಳಬಂದಳು. ದಪ್ಪ ರಟ್ಟಿನಿಂದ ಚೂರುಗಳನ್ನು ಎತ್ತಿ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕಿದಳು. ಸಣ್ಣ ಪುಡಿಗೆ ಅಂಟುಟೇಪು ಒತ್ತಿ ತೆಗೆದಳು. ಒದ್ದೆ ಕಾಗದದಿಂದ ನೆಲ ಒರೆಸಿ, ಅದನ್ನೂ ತುಂಬಿ ಮುಚ್ಚಳ ಬಿಗಿದಳು.

"ಇದನ್ನ ತಿಪ್ಪೆಗೆ ಹಾಕಂಗಿಲ್ಲ ಅಕ್ಕ. ಕಾಲೇಜಿನಾಗೆ ಇಂಥವನ್ನ ಬ್ಯಾರೆ ಇಡ್ತಾರೆ, ಕೊಡ್ತೀನಿ. ಕೈ ಸೋಪು ಹಚ್ಚಿ ತೊಳ್ಕಳ್ರಿ."

"ಈ ಹುಡುಗಿ ಇಲ್ದಿದ್ರೆ ಏನ್ ಗತಿ," ಎಂದಳು ಅಂಗಳದಿಂದ ಜುಂಜಮ್ಮ. ಮುದ್ದಕ್ಕ ಕೈ ತೊಳೆಯುತ್ತಲೇ ಇದ್ದಳು.

ಎಂಟು ದಿನ ಕಳೆದು ಎದುರುಮನೆಯ ನಿಂಗಕ್ಕ ಹಳೆಯ ಟ್ಯೂಬ್‌ಲೈಟ್ ಬೀಳಿಸಿಕೊಂಡು ಕೂಗಿದಾಗ ಮೊದಲು ಓಡಿದವಳು ಮುದ್ದಕ್ಕ. ಕಿಟಕಿ ತೆಗೆಸಿ, ಮಕ್ಕಳನ್ನು ಹೊರಗೆ ಕಳಿಸಿ, ರಟ್ಟು, ಟೇಪು, ಬಾಟಲಿ ಒಂದೊಂದಾಗಿ ತರಿಸಿ ಎಲ್ಲವನ್ನೂ ತಾನೇ ಮಾಡಿದಳು.

"ಇದನ್ನೆಲ್ಲ ಯಾರು ಹೇಳಿಕೊಟ್ರು ನಿನಗೆ?" ನಿಂಗಕ್ಕ ಬೆರಗಾದಳು.

"ಹೇಳಿಕೊಡಬೇಕೇನು? ಅಷ್ಟೂ ಗೊತ್ತಿಲ್ವಾ ನಂಗೆ?"

ಹೇಳಿ ತಿರುಗಿದರೆ ಬಾಗಿಲಲ್ಲಿ ರೋಜಾ. ಎಲ್ಲ ಕೇಳಿಸಿಕೊಂಡಿದ್ದಳು. ತಾನೇ ಹೇಳಿಕೊಟ್ಟದ್ದೆಂದು ಈಗ ಎಲ್ಲರೆದುರು ಅಂದೇಬಿಡುತ್ತಾಳೆ ಎಂದುಕೊಂಡು ಮುದ್ದಕ್ಕ ಬಾಟಲಿಯ ಮುಚ್ಚಳವನ್ನು ಮತ್ತೊಮ್ಮೆ ಬಿಗಿದಳು.

"ನಮ್ಮಕ್ಕ ಚೆನ್ನಾಗಿ ಮಾಡವ್ರೆ," ಎಂದಷ್ಟೇ ಹೇಳಿ ರೋಜಾ ಹೊರಟುಹೋದಳು.

ಜಗಳ ಆಡಿದ್ದರೆ ಮುದ್ದಕ್ಕನಿಗೆ ಹಗುರಾಗುತ್ತಿತ್ತು. ಮನೆಗೆ ನಡೆಯುವಾಗ, ಇಷ್ಟು ದೊಡ್ಡ ಮನಸ್ಸು ತನಗೇಕೆ ಬರಲಿಲ್ಲವೆಂದು ಹೊಟ್ಟೆ ಮತ್ತಷ್ಟು ಉರಿಯಿತು.