ತಟ್ಟಿಯಿಲ್ಲದ ಗೋಡೆ

"ಮಳೆ ನಿನ್ನ ನಕ್ಷೆ ಓದ್ಕಂಡು ಬೀಳ್ತಿಲ್ಲೆ, ತಮಾ!" ಅಂದರು ನಾಗಮ್ಮ. ಪಕ್ಕದಲ್ಲಿ ಆಳು ತಿಮ್ಮಪ್ಪ, ತೆಂಗಿನ ಮಡ್ಲು ಹೆಣೆದ ತಟ್ಟಿ ಹಿಡಿದು, ಕಟ್ಟಲೋ ಬೇಡವೋ ಎಂದು ನಿಂತಿದ್ದ.

ಹೊನ್ನಾವರದಲ್ಲಿ ಮಳೆಗಾಲ ಬಂತೆಂದರೆ ಪಡುವಣ ಗೋಡೆಗೆ ತಟ್ಟಿ ಕಟ್ಟದ ಮನೆ ಇಲ್ಲ. ಅರವತ್ಮೂರರ ಜೂನ್‌ನಲ್ಲಿ ಬೇಡ ಅಂದವನು ಮಹಾಬಲ ಒಬ್ಬನೇ, ಈ ಹೊಸಮನೆಯ ನಕ್ಷೆ ಬರೆದವ. ಸಂತೆಗುಳಿಯವ, ಮುಂಬಯಿಯಲ್ಲಿ ಆರ್ಕಿಟೆಕ್ಚರ್ ಕಲಿತವ, ಚಳಿಗಾಲದ ರಜೆಯಲ್ಲೆಲ್ಲ ಭಟ್ಕಳದ ಕಲ್ಲುಗುಡಿಗಳ ಸೂರು ಅಳೆದು ಲೇಖನ ಬರೆದವ. ಅದೇ ಅಳತೆಯಲ್ಲಿ ನಾಗಮ್ಮನ ಸೊಸೆ, ಶಾಲೆಯ ಅಕ್ಕೋರು ಸುಮತಿಯ ಈ ಮನೆಗೂ ಸೂರು ಚಾಚಿಸಿದ್ದ. ಕೆಂಪುಕಲ್ಲಿನ ಗೋಡೆಗೆ ಗಿಲಾವು ಕೂಡ ಇಲ್ಲ.

ಮರುದಿನ ಕುಮಟೆಯ ಹೈಸ್ಕೂಲ್ ಕಮಿಟಿಯವರು ಈ ಗೋಡೆ ನೋಡಲು ಬರುವವರಿದ್ದರು. ಒಣಗಿದ್ದರೆ ಅವರ ಶಾಲೆಗೂ ಇದೇ ಸೂರು. ಒದ್ದೆಯಾದರೆ ಕಂತ್ರಾಟುದಾರ ಹೇಳಿದ ಡಬ್ಬಿಯಂಥ ಸಿಮೆಂಟು ಕಟ್ಟಡ. ಬೆಳಿಗ್ಗೆಯಿಂದ ಮಹಾಬಲ ಕೂತಲ್ಲಿ ಕೂತಿರಲಿಲ್ಲ. ಜಗಲಿಗೆ, ಅಂಗಳಕ್ಕೆ, ಮತ್ತೆ ಜಗಲಿಗೆ.

"ಭಟ್ಕಳದ ಗುಡಿಗೆ ಯಾರು ತಟ್ಟಿ ಕಟ್ತ, ನಾಗತ್ತೆ?"

"ಅದು ಕರಿಕಲ್ಲು, ಮಾರಾಯಾ. ಇದು ಎಮ್ಮೆ ಹಾಂಗೆ ನೀರು ಕುಡಿತು. ಆತು, ಮಳೆಗಾಲ್ದಲ್ಲಿ ಆ ಗುಡಿ ನೋಡಿದ್ಯನ ನೀನು?"

ಓದುವ ಕಾಲದ ಮಳೆಗಾಲವೆಲ್ಲ ಮಹಾಬಲ ಮುಂಬಯಿಯಲ್ಲಿರುತ್ತಿದ್ದ.

"ಇಲ್ಲೆ."

ತಿಮ್ಮಪ್ಪ ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡ.

"ಹಂಗಾರೆ ಇಲ್ಲೇ ನೋಡ್ಲಿ, ಅತ್ತೆ," ಬಾಗಿಲಲ್ಲಿ ನಿಂತ ಸುಮತಿ ಅಂದಳು. "ಸಮುದ್ರದ ಬದಿ ಕಪ್ಪಾತು. ಮಹಾಬಲಾ, ಕಿಟಕಿ ಮಟ್ಟಕ್ಕೆ ನೀರು ಏರಿರೆ ತಟ್ಟಿ ಕಟ್ಸೂದೇಯ. ಮನೆ ನಂದು, ಕಮಿಟಿದಲ್ಲ."

ಮಳೆ ಮೊದಲು ನೆಟ್ಟಗೆ ಬಿತ್ತು. ಸೂರಿನ ನೀರು ಗೋಡೆಯಿಂದ ಮಾರು ದೂರಕ್ಕೆ ಸುರಿಯಿತು. ಮಹಾಬಲ ನಾಗಮ್ಮನತ್ತ ತಿರುಗಿ ನಗಬೇಕು ಅನ್ನುವಷ್ಟರಲ್ಲಿ ಕಡಲಗಾಳಿ ಬೀಸಿತು. ನೀರಿನ ಪರದೆ ಓರೆಯಾಗಿ ಗೋಡೆಗೇ ಬಂದು ಬಡಿಯಿತು. ಕೆಂಪುಕಲ್ಲನ್ನು ಕಪ್ಪಾಗಿಸುತ್ತ ಒದ್ದೆ ಅಡಿಯಿಂದ ಮೇಲೇರಿತು. ಮೊಣಕಾಲು. ಸೊಂಟ. ಕಿಟಕಿಯ ಕಟ್ಟೆ.

ತಿಮ್ಮಪ್ಪ ತಟ್ಟಿ ಎತ್ತಿ ಹಿಡಿದ.

"ಒಡೆಯಾ, ಕಟ್ಲಾ ಎಂತದು?"

"ತಡಿ, ತಿಮ್ಮಪ್ಪ. ಒಂದೇ ನಿಮಿಷ."

ಮಹಾಬಲ ಕೊಡೆಯಿಲ್ಲದೆ ಅಂಗಳಕ್ಕಿಳಿದು, ಮುಂದಿನ ಸೂರಿನ ಅಳತೆಗೆಂದು ಒದ್ದೆ ನಿಂತ ಮಟ್ಟಕ್ಕೆ ಪೆನ್ಸಿಲ್ ಎಳೆದ. ಪೆನ್ಸಿಲ್ ಹತ್ತಲಿಲ್ಲ. ಕಿಸೆಯಿಂದ ಬೀಗದ ಕೈ ತೆಗೆದು, ಕಲ್ಲಿನ ಮೇಲೆ ಆಳವಾಗಿ ಒಂದು ಗೀರು ಹಾಕಿ, ತಟ್ಟಿಗೆ ಜಾಗ ಬಿಟ್ಟು ಸರಿದ.