ಅವನಿಗಿಂತ ಒಂದು ದಿನ ಹೆಚ್ಚು

ಬಿಳಿ ದುಪ್ಪಟಿಯ ಎರಡು ಮೂಲೆ ಇಸ್ತ್ರಿಯವನ ಕೈಯಲ್ಲಿ, ಇನ್ನೆರಡು ಅವನ ಹೆಂಡತಿಯ ಕೈಯಲ್ಲಿ. ಹೊದಿಸಬೇಕಾದದ್ದು ನಡುವೆ ಮಂಚದ ಮೇಲೆ ಮಲಗಿದ್ದವನಿಗೆ. ಇಬ್ಬರೂ ಎತ್ತಿ ಒಮ್ಮೆ ಝಾಡಿಸಿದರು. ದುಪ್ಪಟಿ ಗಾಳಿ ಕುಡಿದು ಸೂರಿನವರೆಗೂ ಉಬ್ಬಿತು, ಇಳಿಯುವುದನ್ನೇ ಮರೆತಂತೆ ಒಂದು ಗಳಿಗೆ ನಿಂತಿತು. ಇಳಿದ ಕೂಡಲೇ ಆ ನಾಲ್ಕು ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಶುರುಮಾಡಿದವು. ಅಂಚಿಗೆ ಅಂಚು ಸೇರಿತು. ಹೆಂಡತಿ ಮಂಚದ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದು ಬಂದಳು. ಅರ್ಧ, ಅರ್ಧದಲ್ಲಿ ಅರ್ಧ. ಕೊನೆಗೆ ಅಚ್ಚುಕಟ್ಟಾದ ಒಂದು ಚೌಕ ಇಸ್ತ್ರಿಯವನ ಅಂಗೈ ಮೇಲೆ ಕೂತಿತ್ತು. ದುಪ್ಪಟಿರಾಯ ಮಾತ್ರ ಹೊದಿಕೆಯಿಲ್ಲದೆ ಹಾಗೇ ಮಲಗಿದ್ದ.

"ಹೊದಿಸು ಅಂದ್ರೆ ಮಡಚಿಟ್ಟೆಯಲ್ಲ ಮಾರಾಯ," ಅಂದಳು ಹೆಂಡತಿ.

"ನಾನೊಬ್ಬನೇ ಮಡಚಿದ್ನಾ? ನೀನೇನು ಎದುರಿಗೆ ನಿಂತು ನೊಣ ಹೊಡೀತಿದ್ಯಾ?"

"ಬೈಬೇಡಿ, ಕಲಿಸಿದೋನು ಅವನೇ ಅಲ್ವಾ," ಅಂದ ಲಾಂಡ್ರಿ ಮಾಲೀಕ. "ಬಿಡಿಸಿದ ದುಪ್ಪಟಿ ಕಂಡ್ರೆ ಅವನಿಗೆ ಸಮಾಧಾನ ಇರ್ತಿತ್ತಾ?"

ಮೂಗು ಒರೆಸಿಕೊಳ್ಳುತ್ತಿದ್ದವರೂ ನಕ್ಕುಬಿಟ್ಟರು.

ಸತ್ತವನು ಆ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ದುಪ್ಪಟಿಗಳನ್ನು ಮಡಚಿದವನು. ಅದಕ್ಕೇ ಆ ಹೆಸರು. ಡೌನ್ ಸಿಂಡ್ರೋಮ್ ಇಟ್ಟುಕೊಂಡೇ ಹುಟ್ಟಿದ್ದ. ಎರಡು ವರ್ಷ ಬದುಕಿದರೆ ಹೆಚ್ಚು ಅಂದಿದ್ದರು ಡಾಕ್ಟರು. ಆ ಡಾಕ್ಟರು ತೀರಿಕೊಂಡಾಗ ಮುಖ ನೋಡಿ ಬಂದವರಲ್ಲಿ ಇವನೂ ಒಬ್ಬ. ಐವತ್ತೆರಡು ತುಂಬಿಸಿಯೇ ಹೊರಟ.

ಮಾಲೀಕ ಕುರ್ಚಿ ಎಳೆದುಕೊಂಡ. "ಒಂದ್ಸಲ ಏನಾಯ್ತು ಅಂದ್ರೆ, ತಾರಸಿ ಮೇಲೆ ಗಾಳಿ ಎದ್ದಿತ್ತು. ಇವನು ದುಪ್ಪಟಿ ಬಿಡ್ಲಿಲ್ಲ, ದುಪ್ಪಟಿ ಇವನ್ನ ಬಿಡ್ಲಿಲ್ಲ. ಮೂರು ಬೀದಿ ದಾಟಿ ಹಾರಿಹೋದ. ಆಸ್ಪತ್ರೆ ಕಿಟಕೀಲಿ ರೋಗಿಗಳೆಲ್ಲ ಕೈ ಬೀಸಿದ್ರಂತೆ. ಸಂಜೆ ಕೆಳಗಿಳಿದು ಬಂದಾಗ ದುಪ್ಪಟಿ ಮಡಚಿ ಕಂಕುಳಲ್ಲಿಟ್ಟಿದ್ದ."

"ಹೋದ ವರ್ಷ ಎರಡೇ ಬೀದಿ ಅಂದಿದ್ರಿ," ಅಂದ ಇಸ್ತ್ರಿಯವನು.

"ಬದುಕಿದ್ದಾಗ ಎರಡು. ಸತ್ತ ಮೇಲೆ ಒಂದು ಬೀದಿ ಜಾಸ್ತಿ ಕೊಡಬಾರ್ದಾ?"

ಕಿಟಕಿಯ ಬಳಿ ಕೂತಿದ್ದ, ಸತ್ತವನ ತಮ್ಮನ ಮಗಳು ನಗಲಿಲ್ಲ. ನಾಲ್ಕೂವರೆ ತಿಂಗಳ ಬಸುರಿ. ಮಡಿಲಲ್ಲಿದ್ದ ಬ್ಯಾಗಿನೊಳಗೆ ಪರೀಕ್ಷೆಯ ರಿಪೋರ್ಟು. ದೊಡ್ಡಪ್ಪನಿಗೆ ಇದ್ದದ್ದೇ ಹೊಟ್ಟೆಯಲ್ಲಿರುವುದಕ್ಕೂ ಇದೆ. ಬೇಡ ಅನ್ನುವುದಾದರೆ ನಾಳೆಯೇ ಬರಬೇಕು, ಇಂದು ಸಂಜೆ ಐದಕ್ಕೆ ಫೋನ್ ಮಾಡಿ ಕೇಳುತ್ತೇವೆ ಅಂದಿದ್ದರು ಕ್ಲಿನಿಕ್ಕಿನವರು.

*

ಅವಳಿಗೆ ಆಗ ಆರು ವರ್ಷ. ಲಾಂಡ್ರಿಯ ತಾರಸಿಯ ಮೇಲೆ ನೂರಾರು ದುಪ್ಪಟಿಗಳು ಒಣಗುತ್ತಿದ್ದವು. ಬಿಳಿ ಗೋಡೆಗಳು, ಬಿಳಿ ಓಣಿಗಳು. ಗಾಳಿ ಬಂದಾಗಲೆಲ್ಲ ಇದ್ದ ಓಣಿ ಮುಚ್ಚಿ ಬೇರೊಂದು ತೆರೆಯುತ್ತಿತ್ತು. ಆಡುತ್ತಾ ಒಳಗೆ ಹೋದವಳಿಗೆ ದಾರಿ ತಪ್ಪಿತು. ಅತ್ತಳು.

ಬೇರೆ ಯಾರೇ ಆಗಿದ್ದರೂ ಹೆಸರು ಕೂಗುತ್ತಾ ನುಗ್ಗುತ್ತಿದ್ದರು. ದೊಡ್ಡಪ್ಪ ನುಗ್ಗಲಿಲ್ಲ. ಅಂಚಿನ ದುಪ್ಪಟಿ ಇಳಿಸಿ ಮಡಚಿದ. ಮುಂದಿನದು ಇಳಿಸಿ ಮಡಚಿದ. ಒಂದೊಂದೇ ಗೋಡೆ, ಒಂದೊಂದೇ ಓಣಿ. ಆ ಬಿಳಿ ಊರನ್ನು ಇಡೀ ಮಧ್ಯಾಹ್ನ ಮಡಚುತ್ತಾ ಬಂದ. ಕೊನೆಗೆ ಬರಿಯ ಆಕಾಶ, ಬರಿಯ ಹಗ್ಗ, ನಡುವೆ ಅವಳು.

"ಸಿಕ್ಕಿದೆ," ಅಂದ ತೊದಲುತ್ತಾ. ಕೊನೆಯ ದುಪ್ಪಟಿಯ ತುದಿ ಅವಳತ್ತ ಚಾಚಿದ. "ಹಿಡಿ."

*

ಹಿಂದಿನ ಕೋಣೆಯಲ್ಲಿ ಸತ್ತವನ ಅಕ್ಕ ಗೋಡೆಗೊರಗಿ ಕೂತಿದ್ದಳು. ತಮ್ಮನನ್ನು ಸಾಕಿದವಳು ಅವಳೇ. ಬಸುರಿ ಸೋದರಸೊಸೆ ಬಾಗಿಲು ಮುಂದೆ ಮಾಡಿ, ಪಕ್ಕದಲ್ಲಿ ಕೂತು, ರಿಪೋರ್ಟಿನ ವಿಷಯ ಹೇಳಿದಳು.

ಸೋದರತ್ತೆ ಅವಳ ಹೊಟ್ಟೆಯತ್ತ ನೋಡಿದಳು. "ಎದೇಲಿ ತೂತಿದೆಯಾ, ನೋಡಿದ್ರಾ?"

"ಇಲ್ವಂತೆ."

"ಇವನಿಗಿತ್ತು. ನಿನ್ನ ಗಂಡ ಏನಂತಾನೆ?"

"ನೀನು ಹೇಗೆ ಹೇಳಿದ್ರೆ ಹಾಗೆ ಅಂತಾರೆ."

"ಜಾಣ. ಹೊರೋದೂ ನೀನೇ, ಹೇಳೋದೂ ನೀನೇ."

"ನೀವು ಹೇಳಿ ಅತ್ತೆ. ಇಟ್ಕೊಳ್ಲಾ, ಬೇಡ ಅನ್ಲಾ?"

"ಹೊರಗೆ ಹಾರಿದ ಕತೆ ಹೇಳ್ತಿದಾರಲ್ಲ. ಹಾರಿದ್ದು ನಿಜ ಅಂತಲೇ ಇಟ್ಕೋ. ಇಳಿದ ಮೇಲೆ ಒದ್ದೆ ಚಡ್ಡಿ ಒಗೆದೋಳು ನಾನು." ಅತ್ತೆ ಕಾಲು ಚಾಚಿದಳು. "ಎರಡು ಸಲ ನನ್ನ ಮದುವೆ ಗೊತ್ತಾಯ್ತು. ಇವನೂ ಜೊತೆಗೆ ಬರ್ತಾನೆ ಅಂದೆ, ಎರಡು ಸಲಾನೂ ನಿಂತುಹೋಯ್ತು. ಒಂದಿನ ಇವನ್ನ ಬಸ್ ಸ್ಟಾಪಲ್ಲಿ ಕೂರಿಸಿ ನಾನೊಬ್ಬಳೇ ಬಸ್ ಹತ್ತಿಬಿಟ್ಟೆ."

"ಬಿಟ್ಟು ಹೋದ್ರಾ?"

"ಮುಂದಿನ ಸ್ಟಾಪಿನ ತನಕ. ಇಳಿದು ಓಡಿ ಬಂದೆ. ಮಹಾರಾಯ ಅಲ್ಲೇ ಕೂತಿದ್ದ. ಹೋಗಿಬರೋರಿಗೆಲ್ಲ, ನಮ್ಮಕ್ಕ ಬಸ್ ಓಡಿಸೋಕೆ ಹೋಗಿದಾಳೆ ಅಂತಿದ್ದ."

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಸೊಸೆ ಅಳುತ್ತಾ ಕೇಳಿದಳು. "ಅವರು ಹುಟ್ಟಬಾರ್ದಿತ್ತು ಅನಿಸಿತ್ತಾ ಅತ್ತೆ?"

"ಅವನು ಹುಟ್ಟಿದ್ದಲ್ಲ. ನೋಡ್ಕೊಳ್ಳೋಕೆ ನಾನೊಬ್ಬಳೇ ಆಗಬಾರ್ದಿತ್ತು." ಅತ್ತೆ ಸೆರಗಿನಿಂದ ಸೊಸೆಯ ಮುಖ ಒರೆಸಿದಳು. "ಅವನಿಗಿಂತ ಒಂದು ದಿನ ಹೆಚ್ಚು ಬದುಕಿದ್ರೆ ಸಾಕು ಅಂತ ದಿನಾ ಬೇಡ್ಕೊಂಡೆ. ಇವತ್ತೇ ಆ ದಿನ. ಏನು ಮಾಡೋದು ಅಂತ ಯೋಚನೇನೇ ಮಾಡಿರ್ಲಿಲ್ಲ ನೋಡು."

ಹೊರಗೆ ವ್ಯಾನು ಬಂದ ಸದ್ದಾಯಿತು. ಅತ್ತೆ ಗೋಡೆ ಹಿಡಿದು ಎದ್ದಳು.

"ಬೇಡ ಅಂದ್ರೆ ನಿನ್ನ ಕೆಟ್ಟೋಳು ಅನ್ನಲ್ಲ. ಅನ್ನೋಕೆ ಬಂದೋರ್ನ ನನ್ನ ಹತ್ರ ಕಳಿಸು. ಬೇಕು ಅಂದ್ರೂ ಹೊಗಳೋಕೆ ಬರಲ್ಲ. ನಂಗೆ ಗೊತ್ತಿರೋದು ಇಷ್ಟೇ."

*

ಮಣ್ಣು ಮಾಡಿ ಹಿಂದಿರುಗುವಾಗ ಅತ್ತೆ ವ್ಯಾನು ಹತ್ತಲಿಲ್ಲ. ನಡೆದೇ ಬರುತ್ತೇನೆ ಅಂದಳು. ಸೊಸೆಯೂ ಇಳಿದುಕೊಂಡಳು.

ಬೀದಿಯಲ್ಲಿ ಇಳಿಬಿಸಿಲು ಹಾಲಿನ ಕೆನೆಯ ಹಾಗೆ ಹರಡಿತ್ತು. ಅಂಗಡಿಗಳ ನೆರಳುಗಳು ಉದ್ದವಾಗಿ ಮಲಗಿದ್ದವು. ಅತ್ತೆ ಮುಂದೆ ಹೋಗುತ್ತಿದ್ದಳು. ಅವಳ ಬಲಗೈ ನೇರವಾಗಿ ಬೀಸುತ್ತಿತ್ತು. ತಮ್ಮ ಹಿಡಿದು ನಡೆಯುತ್ತಿದ್ದ ಎಡಗೈ ಮಾತ್ರ ಮೊಣಕೈಯಲ್ಲಿ ಮಡಿಸಿಕೊಂಡು, ಪಕ್ಕೆಯಿಂದ ಒಂದು ಗೇಣು ದೂರ ನಿಂತಿತ್ತು. ಆ ಖಾಲಿ ಜಾಗದ ಮೂಲಕ ಎದುರಿನ ರಸ್ತೆ, ಸೈಕಲ್ಲು, ಒಂದು ತುಂಡು ಆಕಾಶ ಕಾಣುತ್ತಿದ್ದವು.

ಸೊಸೆ ನಾಲ್ಕು ಹೆಜ್ಜೆ ಬೇಗ ಹಾಕಿ ತನ್ನ ಕೈಯನ್ನು ಅದರೊಳಗೆ ಸೇರಿಸಿದಳು. ಅತ್ತೆ ತಿರುಗಿ ನೋಡಲಿಲ್ಲ. ನಡಿಗೆಯನ್ನು ಮಾತ್ರ ಅರ್ಧಕ್ಕೆ ಇಳಿಸಿದಳು.

ಗಂಟೆ ಐದಾಗಿತ್ತು. ಬ್ಯಾಗಿನಲ್ಲಿ ಫೋನು ರಿಂಗಾಗತೊಡಗಿತು.

ತೆಗೆದುಕೊಳ್ಳಲಿ ಎಂದು ಅತ್ತೆ ನಿಂತು ಮೊಣಕೈ ಸಡಿಲಿಸಿದಳು. ಸೊಸೆ ಕೈ ತೆಗೆಯಲಿಲ್ಲ. ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಫುಟ್‌ಪಾತು ಅಲ್ಲಿಗೆ ಮುಗಿದಿತ್ತು.

"ಮೆಟ್ಟಿಲಿದೆ," ಅಂದಳು ಅತ್ತೆ. "ನೋಡ್ಕೊಂಡು ಇಳಿ."

ಇಬ್ಬರೂ ಒಟ್ಟಿಗೇ ಕಾಲು ಕೆಳಗಿಟ್ಟರು.